ಎರಡು ಹೊಟ್ಟೆಯ ಲಕೋಟೆ

ಆ ಅಂಗಡಿ ಸಾಲಿನಲ್ಲಿ ಅವಳನ್ನು ಅತ್ತಿಗೆ ಎನ್ನದವರು ಇರಲಿಲ್ಲ. ಮೊದಲು ಹಾಗೆ ಕರೆದವನು ಅವಳ ಮೈದುನ. ಅವನು ಕೆಲಸ ಹುಡುಕಿಕೊಂಡು ಬೇರೆ ಊರಿಗೆ ಹೋದ. ಕರೆದ ಹೆಸರು ಮಾತ್ರ ಇಲ್ಲೇ ಉಳಿಯಿತು. ಚಹಾದವನಿಗೆ ಅತ್ತಿಗೆ, ಬೀಗ ರಿಪೇರಿಯವನಿಗೆ ಅತ್ತಿಗೆ, ಅವಳಿಗಿಂತ ಎಷ್ಟೋ ದೊಡ್ಡವನಾದ ದರ್ಜಿಗೂ ಅತ್ತಿಗೆ. "ಇಷ್ಟು ಜನ ಗಂಡುಮಕ್ಕಳನ್ನ ಹೆತ್ತ ನೆನಪು ನಂಗಿಲ್ಲವಲ್ಲ!" ಎಂದು ಅವಳ ಅತ್ತೆ ಗೊಣಗುತ್ತಿದ್ದರು.

ಸಾಲಿನ ನಡುವೆ ಅವಳ ಗಂಡನ ಪುಟ್ಟ ಪ್ರೆಸ್ಸು. ಮುಂದಿನ ಕೋಣೆಯಲ್ಲಿ ಕಾಲಲ್ಲಿ ತುಳಿಯುವ ಅಚ್ಚಿನ ಯಂತ್ರ, ಮಸಿಯ ಡಬ್ಬಗಳು, ಗೋಡೆಯಿಂದ ಗೋಡೆಗೆ ಕಟ್ಟಿದ ಹಗ್ಗದ ಮೇಲೆ ಒಣಗುವ ಕಾಗದಗಳು. ಹಿಂದಿನ ಕೋಣೆ ಅತ್ತಿಗೆಯದು. ಕಿಟಕಿಗೆ ಒತ್ತಿಕೊಂಡು ಉದ್ದನೆಯ ಮೇಜು, ಅದರ ಮೇಲೆ ದಪ್ಪ ಗಾಜು, ಮಡಿಕೆ ತೀಡುವ ಎಲುಬಿನ ಪಟ್ಟಿ, ಕತ್ತರಿ, ಅಂಟಿನ ಬಟ್ಟಲು, ತುದಿ ಸವೆದ ಕುಂಚ. ಅಂಟನ್ನು ಅವಳು ಕೊಂಡು ತರುತ್ತಿರಲಿಲ್ಲ. ಗಂಜಿಯನ್ನು ತಾನೇ ಕಾಯಿಸಿ, ಬಟ್ಟೆಯಲ್ಲಿ ಸೋಸಿ, ಎರಡು ಬೆರಳ ನಡುವೆ ಎಳೆದು ನೋಡಿ ಹದ ಮಾಡುತ್ತಿದ್ದಳು. ಮದುವೆ ಕಾಗದದ ಲಕೋಟೆ, ಆಫೀಸಿನ ಖಾಕಿ ಲಕೋಟೆ, ಬೀಜದ ಅಂಗಡಿಯ ಪೊಟ್ಟಣ, ಯಾವುದಾದರೂ ಸರಿ, ಅವಳ ಕೈಗೆ ಹೋದ ಕಾಗದ ಮಾತು ಕೇಳುವ ಮಗುವಿನ ಹಾಗೆ ಹೇಳಿದ ಕಡೆ ಮಡಿಚಿಕೊಳ್ಳುತ್ತಿತ್ತು.

ಇದಿಷ್ಟೇ ಆಗಿದ್ದರೆ ಅವಳ ಕಥೆ ಹೇಳುವಂಥದ್ದೇನೂ ಇರಲಿಲ್ಲ. ಒಂದು ದಿನ ಆ ಪ್ರೆಸ್ಸಿಗೆ ಜಾದೂ ಮೇಷ್ಟ್ರು ಬಂದರು.

ಅವರು ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದರು. ರಜೆ ಬಂದರೆ ಪೆಟ್ಟಿಗೆ ಹೊತ್ತು ಊರೂರು ತಿರುಗಿ ಜಾದೂ ಮಾಡುತ್ತಿದ್ದರು. ಬಂದದ್ದು ತಮ್ಮ ಆಟದ ಕರಪತ್ರ ಅಚ್ಚು ಹಾಕಿಸಲು. ಗಂಡ ಅಚ್ಚಿನ ಮೊಳೆ ಜೋಡಿಸುತ್ತಿದ್ದಾಗ ಮೇಷ್ಟ್ರ ಕಣ್ಣು ಒಳಬಾಗಿಲಿನಾಚೆ ಹೋಯಿತು. ಅಲ್ಲಿ ಅತ್ತಿಗೆಯ ಕೈ ಕಾಗದದ ಮೇಲೆ ಓಡುತ್ತಿತ್ತು. ಮೇಷ್ಟ್ರು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಬಾಗಿಲ ಬಳಿ ನಿಂತು ಕೆಮ್ಮಿ, ಚೀಲದಿಂದ ಒಂದು ಲಕೋಟೆ ತೆಗೆದರು. ಅಂಚೆಲ್ಲ ಸವೆದು, ಮುಟ್ಟಿದರೆ ಉದುರುವ ಹಾಗಿತ್ತು.

"ಅಮ್ಮಾ, ಇದು ಬಹಳ ದೂರದಿಂದ ಬಂದಿದ್ದು. ಇಂಥದ್ದೇ ಒಂದು ಮಾಡಿಕೊಡೋಕೆ ಆಗುತ್ತಾ?"

"ಏನು ಹಾಕ್ತೀರಿ ಇದ್ರಲ್ಲಿ?"

"ಏನೋ... ಕಾಗದ, ಪತ್ರ. ಹಾಗೇ."

ಅತ್ತಿಗೆ ಲಕೋಟೆಯನ್ನು ಕಿವಿಯ ಬಳಿ ಹಿಡಿದು ಮೆಲ್ಲಗೆ ಅದುಮಿದಳು. ಮತ್ತೊಮ್ಮೆ ಅದುಮಿದಳು. ಚಹಾಕ್ಕೆಂದು ಇಟ್ಟಿದ್ದ ನೀರು ಕುದಿಯುತ್ತಿತ್ತು; ಅದರ ಹಬೆಗೆ ಹಿಡಿದು ಒಂದು ಅಂಚನ್ನು ಬಿಡಿಸಿ ಒಳಗೆ ನೋಡಿದಳು.

"ಮೇಷ್ಟ್ರೇ, ಇದಕ್ಕೆ ಎರಡು ಹೊಟ್ಟೆ ಇದೆ," ಎಂದಳು.

ಮೇಷ್ಟ್ರು ಗಾಬರಿಯಾಗಿ ಒಳಬಾಗಿಲು ಎಳೆದುಕೊಂಡರು. "ಮೆಲ್ಲಗೆ ತಾಯೀ! ಇಷ್ಟು ವರ್ಷ ಸಭೆಯಲ್ಲಿ ಯಾರೂ ಕಂಡುಹಿಡೀಲಿಲ್ಲ, ನೀವು ಚಹಾ ಕುದಿಯೋದ್ರೊಳಗೆ ಹಿಡಿದುಬಿಟ್ಟಿರಲ್ಲ!"

ಆಮೇಲೆ ಅವರೇ ಬಿಡಿಸಿ ಹೇಳಿದರು. ಲಕೋಟೆಯೊಳಗೆ ತೆಳ್ಳನೆಯ ಒಂದು ನಡುಗೋಡೆ. ಅದನ್ನು ಹೆಬ್ಬೆರಳಿನಿಂದ ಈ ಕಡೆ ಒತ್ತಿ ಹಿಡಿದರೆ ಒಂದು ಹೊಟ್ಟೆ ಬಾಯಿ ತೆರೆಯುತ್ತದೆ, ಆ ಕಡೆ ಒತ್ತಿದರೆ ಇನ್ನೊಂದು. ಜನರ ಕಣ್ಣೆದುರೇ ಹಾಕಿದ್ದು ಒಂದರಲ್ಲಿ ಉಳಿಯುತ್ತದೆ, ತೆಗೆಯುವುದು ಇನ್ನೊಂದರಿಂದ. "ಇಷ್ಟೇ. ಆದ್ರೆ ಇದು ಹೊರಗೆ ಗೊತ್ತಾದ್ರೆ ನನ್ನ ಆಟ ಮುಗೀತು. ನಂದೊಂದೇ ಅಲ್ಲ, ಈ ಕಸುಬು ಹಿಡಿದ ಎಲ್ಲರದ್ದೂ. ನಿಮ್ಮ ಬಾಯಿಂದ ಹೋಗಬಾರದು."

"ಹೋಗಲ್ಲ," ಎಂದಳು ಅತ್ತಿಗೆ. ಆಣೆ ಇಡಲಿಲ್ಲ, ದೇವರನ್ನು ಎಳೆದು ತರಲಿಲ್ಲ. ಆ ಒಂದು ಮಾತು ಅವಳಿಗೆ ಸಾಕಾಗಿತ್ತು, ಮೇಷ್ಟ್ರಿಗೂ ಸಾಕಾಯಿತು.

ಅವಳು ಮಾಡಿಕೊಟ್ಟ ಮೊದಲ ಲಕೋಟೆ ಸಭೆಯಲ್ಲಿ ಮಾನ ಕಳೆಯಿತು. ಮುಂದಿನ ಸಾಲಿನಲ್ಲಿ ಕೂತಿದ್ದ ಒಂದು ಪುಟ್ಟ ಹುಡುಗಿ, "ಅದರೊಳಗೆ ಇನ್ನೊಂದು ಕವರ್ ಇದೆ!" ಎಂದು ಕೂಗಿಬಿಟ್ಟಳಂತೆ. ಮೇಷ್ಟ್ರು ಮುಖ ಇಳಿಬಿಟ್ಟುಕೊಂಡು ಬಂದರು. ಅತ್ತಿಗೆ ಸಮಾಧಾನ ಹೇಳಲಿಲ್ಲ. "ಮುಂದಿನ ಆಟ ಎಲ್ಲಿ? ನಾನೇ ಬಂದು ಆ ಮಗು ಕೂತ ಜಾಗದಲ್ಲಿ ಕೂತ್ಕೋತೀನಿ," ಎಂದಳು.

ಹೋಗಿ ಕೂತಳು. ಮಕ್ಕಳ ನಡುವೆ, ಮಂಡಿ ಮಡಿಚಿಕೊಂಡು. ಅಲ್ಲಿಂದ ಅವಳಿಗೆ ಎರಡು ತಪ್ಪು ಸಿಕ್ಕವು. ಒಂದು ಸದ್ದು. ಹೊರಗಿನ ಕಾಗದದ ನಾರು ಒಂದು ದಿಕ್ಕಿಗೆ, ಒಳಗೋಡೆಯ ನಾರು ಇನ್ನೊಂದು ದಿಕ್ಕಿಗೆ ಇದ್ದುದರಿಂದ ಎರಡೂ ಹೊಂದಿಕೊಳ್ಳದ ಗಂಡ ಹೆಂಡಿರ ಹಾಗೆ ಕರಕರ ಎನ್ನುತ್ತಿದ್ದವು. ಇನ್ನೊಂದು ಅಂಚು. ದೀಪ ಬಿದ್ದಾಗ ಒಳಗೋಡೆಯ ಬಿಳಿ ಅಂಚು ಗೆರೆ ಕೊರೆದಂತೆ ಹೊಳೆಯುತ್ತಿತ್ತು.

ಸದ್ದಿಗೆ ಮದ್ದು ಅವಳೇ ಕಂಡುಕೊಂಡಳು: ಒಂದೇ ಹಾಳೆಯನ್ನು ಮಡಿಚಿ ಹೊರಗೋಡೆ, ಒಳಗೋಡೆ ಎರಡನ್ನೂ ಮಾಡುವುದು. ಅಂಚಿಗೆ ಮಾತ್ರ ಗಂಡನ ಸಹಾಯ ಬೇಕಾಯಿತು. ಲಕೋಟೆಯ ಒಳಮೈಗೆಲ್ಲ ಸಣ್ಣ ಸಣ್ಣ ನೀಲಿ ಗೆರೆಗಳನ್ನು ಒತ್ತೊತ್ತಾಗಿ ಅಚ್ಚು ಹಾಕಿಸಿದಳು. ಅಷ್ಟು ಗೆರೆಗಳ ನಡುವೆ ಯಾವುದು ಗೆರೆ, ಯಾವುದು ಅಂಚು ಎಂದು ಎಂಥ ಕಣ್ಣಿಗೂ ತಿಳಿಯದು.

ಗಂಡ ಅಚ್ಚು ಹಾಕಿಕೊಟ್ಟನೇ ಹೊರತು ಯಾಕೆ ಎಂದು ಕೇಳಲಿಲ್ಲ. "ನಂಗೆ ಹೇಳಬೇಡ ಮಾರಾಯ್ತಿ. ನನ್ನ ಬಾಯಿ ಹಳೇ ಬಕೆಟ್ಟು, ಎಲ್ಲಿ ಸೋರುತ್ತೋ ನಂಗೇ ಗೊತ್ತಿಲ್ಲ," ಎಂದ. ಅತ್ತೆ ಹಾಗಲ್ಲ. ಸೊಸೆ ಬಾಗಿಲು ಎಳೆದುಕೊಂಡು ಮಾಡುವ ಕೆಲಸ ಏನೆಂದು ತಿಳಿಯದೆ ಅವರಿಗೆ ಅನ್ನ ಇಳಿಯುತ್ತಿರಲಿಲ್ಲ. ಪೀಡಿಸಿ ಪೀಡಿಸಿ ಕೇಳಿದರೆ ಅತ್ತಿಗೆ ನಗುತ್ತಿದ್ದಳು: "ಕೈ ಕೆಸರಾದರೆ ಬಾಯಿ ಮೊಸರು ಅಂತಾರಲ್ಲ ಅತ್ತೆ, ನನ್ನ ಕೈಯೆಲ್ಲ ಅಂಟು. ಅದಕ್ಕೇ ಬಾಯೂ ಅಂಟಿಕೊಂಡಿದೆ."

ಹೊಸ ಲಕೋಟೆಯ ಆಟ ನೋಡಲು ಅವಳು ಮತ್ತೆ ಅದೇ ಮುಂದಿನ ಸಾಲಿಗೆ ಹೋದಳು. ಮೇಷ್ಟ್ರು ಸಭೆಯಿಂದ ಒಬ್ಬ ನರ್ಸಮ್ಮನನ್ನು ಕರೆದು, ತಮ್ಮದೇ ಆಟದ ಕರಪತ್ರವೊಂದನ್ನು ಕೊಟ್ಟು, ಸಿಟ್ಟು ತೀರುವಷ್ಟು ಹರಿಯಲು ಹೇಳಿದರು. ಚೂರುಗಳನ್ನು ಆಕೆಯ ಕೈಯಿಂದಲೇ ಲಕೋಟೆಗೆ ಹಾಕಿಸಿದರು. ಬಾಯಿ ಮುಚ್ಚಿ, ಊದಿ, ಮತ್ತೆ ತೆರೆದರು. ಕರಪತ್ರ ಇಡಿಯಾಗಿ ಹೊರಬಂತು. ಗಂಡ ಅಚ್ಚು ಹಾಕಿದ ಕಾಗದ, ತಾನು ಅಂಟಿಸಿದ ಲಕೋಟೆ. ಒಳಗೆ ಏನಾಯಿತೆಂದು ಆ ಸಭೆಯಲ್ಲಿ ಬಲ್ಲವಳು ಅವಳೊಬ್ಬಳೇ. ಆದರೂ ನರ್ಸಮ್ಮ ಬಾಯಿಗೆ ಕೈ ಅಡ್ಡ ಹಿಡಿದು, "ಅಯ್ಯೋ!" ಎಂದಾಗ ಅತ್ತಿಗೆಯ ಮೈ ಜುಮ್ಮೆಂದಿತು. ಪಕ್ಕದ ಮಗುವಿನೊಂದಿಗೆ ತಾನೂ ಚಪ್ಪಾಳೆ ಹೊಡೆದಳು. ದಾರಿಯುದ್ದಕ್ಕೂ ಅವಳಿಗೆ ನಗು ತಡೆಯಲಾಗಲಿಲ್ಲ.

ಹೂವಿನ ಪರಿಮಳ ಮುಚ್ಚಿಟ್ಟರೂ ನಿಲ್ಲದು. ಒಬ್ಬ ಜಾದೂಗಾರ ಇನ್ನೊಬ್ಬನಿಗೆ ಹೇಳಿ, ಬೇರೆ ಬೇರೆ ಊರುಗಳಿಂದ ಜನ ಬರತೊಡಗಿದರು. ನಾಣ್ಯ ಮಾಯವಾಗುವುದಕ್ಕೆ, ಇಸ್ಪೀಟೆಲೆ ಬದಲಾಗುವುದಕ್ಕೆ, ಸಭಿಕರು ಬರೆದ ಚೀಟಿಗಳನ್ನೆಲ್ಲ ನುಂಗಿ ಬೇರೆ ಚೀಟಿ ಕೊಡುವುದಕ್ಕೆ, ಒಂದೊಂದಕ್ಕೂ ಒಂದೊಂದು ಬಗೆಯ ಲಕೋಟೆ. ಅತ್ತಿಗೆ ಒಂದು ನೇಮ ಮಾಡಿಕೊಂಡಳು. ಲಕೋಟೆ ಬೇಕೆಂದು ಬಂದವರು ಮೊದಲು ಅವಳೆದುರು ನಿಂತು ಒಂದು ಜಾದೂ ಮಾಡಿ ತೋರಿಸಬೇಕು. ಕೈಚಳಕ ಎಷ್ಟಿದೆ ಎನ್ನುವುದು ಅವಳಿಗೆ ಮುಖ್ಯವಾಗಿರಲಿಲ್ಲ. ಒಬ್ಬ ಹೊಸಬನ ತೋಳಿನಿಂದ ಇಸ್ಪೀಟೆಲೆಗಳೆಲ್ಲ ಉದುರಿಬಿದ್ದರೂ, ಅವನು ಬೆವರುತ್ತಾ ಆರಿಸಿಕೊಂಡು ಮತ್ತೆ ಶುರುಮಾಡಿದ್ದನ್ನು ಕಂಡು ಅವನಿಗೆ ತನ್ನ ಕೈಯಲ್ಲಿದ್ದ ಒಳ್ಳೆಯ ಲಕೋಟೆಯನ್ನೇ ಕೊಟ್ಟಳು. ಎದುರಿನವರು ಬೆರಗಾಗಲಿ ಎಂಬ ಆಸೆ ಕಣ್ಣಲ್ಲಿದೆಯೋ ಇಲ್ಲವೋ, ಅವಳು ನೋಡುತ್ತಿದ್ದುದು ಅದನ್ನೇ.

ಹೀಗೆ ವರ್ಷಗಳು ಕಳೆದವು. ಜಾದೂ ಮೇಷ್ಟ್ರಿಗೆ ವಯಸ್ಸಾಯಿತು, ಕೈ ನಡುಗಲು ಶುರುವಾಯಿತು. ಒಂದು ಆಟದಲ್ಲಿ ಲಕೋಟೆ ಕೈಜಾರಿ ನೆಲಕ್ಕೆ ಬಿದ್ದ ಮೇಲೆ ಅವರು ಮತ್ತೆ ವೇದಿಕೆ ಹತ್ತಲಿಲ್ಲ. ಪೆಟ್ಟಿಗೆಯನ್ನು ತಮ್ಮನ ಮಗನಿಗೆ ಕೊಟ್ಟು ಮನೆಯಲ್ಲಿ ಕೂತರು.

ಅದೇ ಹೊತ್ತಿಗೆ ಅಂಗಡಿ ಸಾಲಿಗೂ ಕಾಲ ಬಂತು. ಸೋರುವ ತಗಡಿನ ಮಾಡಿನ ಆ ಸಾಲಿಗೆ ಬದಲಾಗಿ ಹಿಂದಿನ ಬಯಲಿನಲ್ಲಿ ಹೊಸ ಕಟ್ಟಡ ಎದ್ದಿತು. ಯಾರಿಗೆ ಯಾವ ಕೋಣೆ ಎಂಬುದು ಮಾತುಕತೆಯಲ್ಲೇ ತೀರ್ಮಾನವಾಯಿತು. ಪ್ರೆಸ್ಸಿಗೆ ಮೇಲಿನ ಅಂತಸ್ತಿನ ಕೋಣೆ ಎಂದು ಅತ್ತಿಗೆಯೂ ಗಂಡನೂ ಒಪ್ಪಿದ್ದರು. ಉಳಿದದ್ದು ಮೂಲೆ ಅಂಗಡಿ. ಎರಡು ರಸ್ತೆಗೂ ಬಾಗಿಲು, ಎದುರಿಗೆ ಬಸ್ ನಿಲ್ದಾಣ. ಅದು ಎಲ್ಲರಿಗೂ ಬೇಕು. ಕಡೆಗೆ ಬೇರೆ ಕೋಣೆ ಒಪ್ಪಿದವರೂ ಸೇರಿ ಎಲ್ಲರೂ ತಂತಮ್ಮ ಅಂಗಡಿಯ ಹೆಸರು ಬರೆದು ಚೀಟಿ ಹಾಕುವುದು, ಚೀಟಿ ಎತ್ತುವುದು ಎಂದು ವರ್ತಕರ ಸಂಘದಲ್ಲಿ ನಿಶ್ಚಯವಾಯಿತು.

ಸಂಘದ ಕಾರ್ಯದರ್ಶಿಗೆ ಕನ್ನಡಿ ಅಂಗಡಿ ಇತ್ತು. ನಗುಮುಖದ ಮನುಷ್ಯ, ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮಾತಾಡುತ್ತಿದ್ದ. ಚೀಟಿ ಎತ್ತುವುದಕ್ಕೆ ಕೆಲವು ವಾರ ಮೊದಲು ಅವನು ಅತ್ತಿಗೆಯ ಕೋಣೆಗೆ ಬಂದ.

"ಅತ್ತಿಗೆ, ಜಾದೂದವರಿಗೆ ಏನೋ ಕವರ್ ಮಾಡಿಕೊಡ್ತೀರಂತೆ. ನಂಗೂ ಒಂದು ಬೇಕಿತ್ತು. ದೊಡ್ಡದು. ಮಗನ ಹುಟ್ಟುಹಬ್ಬಕ್ಕೆ ಮಕ್ಕಳ ಮುಂದೆ ಒಂದು ತಮಾಷೆ ಮಾಡೋಣ ಅಂತ."

"ಮಾಡಿ, ಒಳ್ಳೇದೇ. ಈಗ ಒಂದು ತೋರಿಸಿ ನೋಡೋಣ. ಯಾವುದಾದ್ರೂ ಸರಿ."

ಅವನು ಜೇಬಿನಿಂದ ನಾಣ್ಯ ತೆಗೆದು ಕೈಯಿಂದ ಕೈಗೆ ಹಾಕಿದ. ನಾಣ್ಯ ಅಂಟಿನ ಬಟ್ಟಲಿಗೆ ಬಿತ್ತು. ಅವನು ಅದನ್ನು ಎತ್ತಿಕೊಳ್ಳಲೂ ಇಲ್ಲ, ಮತ್ತೆ ಮಾಡಲೂ ಇಲ್ಲ. "ಅದೆಲ್ಲ ಯಾಕೆ ಅತ್ತಿಗೆ? ಕವರ್ ಕೊಟ್ಟರಾಯ್ತು," ಎಂದ.

"ಕಲಿತು ಬನ್ನಿ. ಆಮೇಲೆ ಮಾಡಿಕೊಡ್ತೀನಿ," ಎಂದಳು ಅತ್ತಿಗೆ. ಅವನು ನಗುತ್ತಲೇ ಹೋದ. ಅವಳು ನಾಣ್ಯವನ್ನು ತೊಳೆದು ಒರೆಸಿ ಚಹಾದವನ ಕೈಯಲ್ಲಿ ಕಳಿಸಿಕೊಟ್ಟಳು.

ಚೀಟಿ ಎತ್ತುವ ದಿನ ಬೆಳಿಗ್ಗೆ ಎಲ್ಲರೂ ಹೊಸ ಕಟ್ಟಡದ ಕೆಳಗಿನ ಅಂಗಳದಲ್ಲಿ ಸೇರಿದರು. ಹಸಿ ಸಿಮೆಂಟಿನ ವಾಸನೆ. ಕೂರಲು ಬಣ್ಣದ ಖಾಲಿ ಡಬ್ಬಗಳು, ಹಲಗೆಗಳು. ಅತ್ತೆ ತಾವೂ ಬರುತ್ತೇನೆಂದು ಹಟ ಹಿಡಿದು ಬಂದು ಮುಂದೆಯೇ ಕೂತಿದ್ದರು. ಕಾರ್ಯದರ್ಶಿ ಒಂದು ದೊಡ್ಡ ಖಾಕಿ ಲಕೋಟೆ ಹಿಡಿದು ನಿಂತ. ಒಬ್ಬೊಬ್ಬರಾಗಿ ಹೋಗಿ ಮಡಿಚಿದ ಚೀಟಿ ಹಾಕಿ ಬಂದರು.

ಅತ್ತಿಗೆಯ ಸರದಿ ಬಂತು, ಗಂಡನೂ ಜೊತೆಗೆ ಹೋದ. ಚೀಟಿ ಹಾಕಲು ಬಗ್ಗಿದವಳಿಗೆ ಲಕೋಟೆಯ ಒಳಗೆ ನೀಲಿ ಗೆರೆಗಳು ಕಂಡವು. ಅವುಗಳಲ್ಲಿ ಒಂದು ಗೆರೆ ನಡುವೆ ಒಂದಿಷ್ಟು ತುಂಡಾಗಿತ್ತು. ಗೆರೆ ಒತ್ತುವ ಗಂಡನ ಪಡಿಯಚ್ಚಿನಲ್ಲಿ ಒಂದು ಕಡೆ ಚಕ್ಕೆ ಎದ್ದಿತ್ತು. ಆ ಗೆರೆ ಯಾವಾಗಲೂ ಹಾಗೆಯೇ ಬೀಳುತ್ತಿತ್ತು. ಅಂಚಿನ ಮಡಿಕೆ ಅವಳ ಎಲುಬಿನ ಪಟ್ಟಿ ತೀಡಿದ್ದು. ಜಾತ್ರೆಯ ಜನದಲ್ಲೂ ತಾಯಿ ತನ್ನ ಮಗುವನ್ನು ಗುರುತಿಸುವ ಹಾಗೆ ಅವಳು ಗುರುತಿಸಿದಳು. ಜಾದೂ ಮೇಷ್ಟ್ರಿಗೆಂದು ಮಾಡಿಕೊಟ್ಟಿದ್ದ ದೊಡ್ಡ ಲಕೋಟೆ ಅದು. ಕಾರ್ಯದರ್ಶಿಯ ಹೆಬ್ಬೆರಳು ನಡುಗೋಡೆಯನ್ನು ಒತ್ತಿ ಹಿಡಿದಿತ್ತು.

ಅವಳು ಚೀಟಿ ಹಾಕಿ ಬಂದು ಕೂತಳು. ಅರ್ಥವಾಗುವುದಕ್ಕೆ ಇನ್ನೇನೂ ಉಳಿದಿರಲಿಲ್ಲ. ಎಲ್ಲರ ಚೀಟಿಗಳೂ ಒಂದು ಹೊಟ್ಟೆಗೆ ಬೀಳುತ್ತಿವೆ. ಇನ್ನೊಂದು ಹೊಟ್ಟೆಯಲ್ಲಿ ಮೊದಲೇ ತುಂಬಿಟ್ಟ ಚೀಟಿಗಳಿವೆ. ಅಷ್ಟರಲ್ಲೂ ಒಂದೇ ಹೆಸರು. ಅದು ಕಾರ್ಯದರ್ಶಿಯ ಭಾವಮೈದುನನ ಅಂಗಡಿಯದು ಎಂದು ಊಹಿಸಲು ದೊಡ್ಡ ಬುದ್ಧಿ ಬೇಕಿರಲಿಲ್ಲ; ಆ ಭಾವಮೈದುನ ಆಗಲೇ ಮೂಲೆ ಅಂಗಡಿಯ ಗೋಡೆಯನ್ನು ಗೇಣಿನಲ್ಲಿ ಅಳೆಯುತ್ತಿದ್ದ.

ಎದ್ದು ನಿಂತು, "ಅದಕ್ಕೆ ಎರಡು ಹೊಟ್ಟೆ ಇದೆ!" ಎಂದರೆ ಮುಗಿಯಿತು. ಜನ ಲಕೋಟೆಯನ್ನು ಕಿತ್ತು, ಬಗೆದು ನೋಡುತ್ತಾರೆ. ಸಂಜೆಯೊಳಗೆ ಪೇಟೆಗೆಲ್ಲ ಗೊತ್ತಾಗುತ್ತದೆ. ನಾಳೆ ಯಾವ ಜಾದೂಗಾರ ಲಕೋಟೆ ಕೈಗೆತ್ತಿಕೊಂಡರೂ ಮಕ್ಕಳು, "ಎರಡು ಹೊಟ್ಟೆ!" ಎಂದು ಕೂಗುತ್ತಾರೆ. ಹೇಳದೆ ಸುಮ್ಮನಿದ್ದರೆ ಇಷ್ಟು ಜನರ ಕಣ್ಣಿಗೆ ಮಣ್ಣೆರಚಿದ್ದು ತನ್ನ ಕೈಯ ಕಾಗದವೇ. ಅಡಕತ್ತರಿಯಲ್ಲಿ ಸಿಕ್ಕ ಅಡಕೆಯ ಹಾಗಾಯಿತು ಅವಳ ಪಾಡು.

"ಎಷ್ಟು ಹೊತ್ರೀ! ಮನೆ ಕೀಲಿ ಕಳ್ಕೊಂಡ ಗಿರಾಕಿ ನನ್ನ ಅಂಗಡಿ ಮುಂದೆ ಕಾಯ್ತಾ ಕೂತಿದಾನೆ!" ಎಂದು ಬೀಗದವನು ಕೂಗಿದ. ಅವನ ಗಂಟಲು ಅವನು ಕೀಲಿ ಉಜ್ಜುವ ಅರಕ್ಕಿಂತ ಒರಟು. ಬೀಗದವನಿಗೂ ಅತ್ತಿಗೆಗೂ ಅಷ್ಟಕ್ಕಷ್ಟೇ. ಅವನ ಅರದ ಕಿರ್‌ಗುಡುವಿಕೆಗೆ ಇವಳಿಗೆ ತಲೆನೋವು, ಇವಳ ಗಂಜಿಯ ವಾಸನೆಗೆ ಅವನಿಗೆ ವಾಕರಿಕೆ.

"ಆಯ್ತು, ಆಯ್ತು," ಎಂದ ಕಾರ್ಯದರ್ಶಿ. ಲಕೋಟೆಯ ಬಾಯಿ ಮುಚ್ಚಿ ಚೆನ್ನಾಗಿ ಕುಲುಕಿದ; ಕುಲುಕುತ್ತಲೇ ಹೆಬ್ಬೆರಳನ್ನು ನಡುಗೋಡೆಯ ಇನ್ನೊಂದು ಕಡೆಗೆ ಸರಿಸಿದ. "ಎತ್ತೋದು ಯಾರು? ಹಿರಿಯರೊಬ್ಬರು ಎತ್ತಿದ್ರೆ ನಾಳೆ ಯಾರೂ ಕೆಮ್ಮೋ ಹಾಗಿಲ್ಲ. ನಮ್ಮ ಅಜ್ಜಿನೇ ಬರಲಿ!" ಎಂದು ಅತ್ತಿಗೆಯ ಅತ್ತೆಯ ಕಡೆ ಕೈ ತೋರಿಸಿದ.

ಅತ್ತೆ ಹಿಗ್ಗಿ ಎದ್ದು ನಿಂತರು. ಸುಳ್ಳು ಚೀಟಿ ಈ ಮುದುಕಿಯ ಕೈಯಿಂದ ಬರುವುದೇ? ಅತ್ತಿಗೆ ಅತ್ತೆಗಿಂತ ಮೊದಲೇ ಎರಡು ಹೆಜ್ಜೆ ಮುಂದೆ ಹೋಗಿದ್ದಳು. ಏನು ಹೇಳಬೇಕೆಂದು ಎದ್ದಾಗ ಅವಳಿಗೆ ತಿಳಿದಿರಲಿಲ್ಲ. ಬಾಯಿ ತೆರೆದಾಗ ತಿಳಿಯಿತು.

"ಒಂದು ನಿಮಿಷ ತಡೀರಿ. ನಮ್ಮತ್ತೆ ಕೈ ಆ ಸಣ್ಣ ಬಾಯೊಳಗೆ ಸರಿಯಾಗಿ ಹೋಗಲ್ಲ, ಕಣ್ಣೂ ಮಂಜು. ಚೀಟಿನೆಲ್ಲ ಒಂದು ತಟ್ಟೆಗೆ ಸುರೀರಿ, ಅವರು ಎತ್ತಲಿ."

"ನನ್ನ ಕಣ್ಣಿಗೇನಾಗಿದೆಯೇ?" ಅತ್ತೆ ಸಿಡುಕಿದರು. "ನಿನ್ನ ತಲೇಲಿ ಇರೋ ಬಿಳಿ ಕೂದಲು ಇಲ್ಲಿಂದ್ಲೇ ಎಣಿಸ್ತೀನಿ!"

ಎಲ್ಲರೂ ನಕ್ಕರು. ಕಾರ್ಯದರ್ಶಿಯೂ ನಕ್ಕ. "ಕವರಲ್ಲೇ ಇರಲಿ ಬಿಡಿ ಅತ್ತಿಗೆ. ತಟ್ಟೆಗೆ ಹಾಕಿದ್ರೆ ಗಾಳಿಗೆ ಹಾರಿಹೋಗುತ್ತೆ."

"ಹಾರಿದ್ರೆ ಹಿಡ್ಕೋತೀವಿ! ಸುರೀರಿ ಸ್ವಾಮೀ, ಹೊತ್ತಾಯ್ತು!" ಎಂದ ಬೀಗದವನು. ಚಹಾದವನು ಲೋಟಗಳನ್ನು ಇಳಿಸಿ, ತನ್ನ ಅಗಲ ತಟ್ಟೆಯನ್ನು ಅಂಗಿಯ ತುದಿಯಿಂದ ಒರೆಸಿ ಮುಂದೆ ಹಿಡಿದ.

ಅತ್ತಿಗೆ ಮಾತು ಮುಗಿಸಿರಲಿಲ್ಲ. "ಇನ್ನೊಂದು. ಅತ್ತೆ ಒಂದು ಚೀಟಿ ಎತ್ತಿದ ಮೇಲೆ ಉಳಿದವನ್ನ ತಟ್ಟೆಯಿಂದ ಅವರವರು ಬಿಚ್ಚಿ ನೋಡಿ ವಾಪಸ್ ತಗೊಂಡು ಹೋಗ್ಲಿ. ನನ್ನ ಚೀಟಿ ಅದರಲ್ಲಿ ಇತ್ತೋ ಇಲ್ಲವೋ ಅನ್ನೋ ಮಾತು ನಾಳೆ ಬರಬಾರದು. ಕಾರ್ಯದರ್ಶಿಗಳ ಹೆಸರಿಗೂ ಒಳ್ಳೇದು." ಹೇಳುತ್ತಾ ಅವಳು ಅವನ ಮುಖ ನೋಡಲಿಲ್ಲ, ಅವನ ಹೆಬ್ಬೆರಳನ್ನು ನೋಡಿದಳು.

ಅವಳು ನೋಡುತ್ತಿರುವುದು ಎಲ್ಲಿ ಎಂದು ಅವನಿಗೆ ಗೊತ್ತಾಯಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಹಾಗೆ ಅವನ ಇನ್ನೊಂದು ಕೈ ತಾನಾಗಿ ಲಕೋಟೆಯ ಬಾಯಿಗೆ ಅಡ್ಡ ಬಂತು. ನಗುಮುಖ ಹಾಗೆಯೇ ಇತ್ತು, ಅದರ ಮೇಲೆ ಬೆವರು ಮೂಡಿತ್ತು. "ನ್ಯಾಯವಾದ ಮಾತು," ಎಂದ ದರ್ಜಿ. "ಹೌದು, ಹೌದು," ಎಂದರು ಉಳಿದವರು. ಸುಳ್ಳು ಚೀಟಿಗಳನ್ನು ಸುರಿದರೆ ಎಲ್ಲದರಲ್ಲೂ ಒಂದೇ ಹೆಸರು. ಎಲ್ಲರೆದುರು ಬಿಚ್ಚಿದ ಮೇಲೆ ತಲೆ ಉಳಿಯುವ ಮಾತಿಲ್ಲ. ಅವನ ಹೆಬ್ಬೆರಳು ಮೆಲ್ಲನೆ ಎದ್ದು ಮೊದಲಿದ್ದ ಕಡೆಗೇ ಸರಿಯಿತು. ಎಲ್ಲರೂ ಹಾಕಿದ ನಿಜವಾದ ಚೀಟಿಗಳು ಬಳಬಳನೆ ತಟ್ಟೆಗೆ ಬಿದ್ದವು. ಹಾವೂ ಸತ್ತಿತು, ಕೋಲೂ ಮುರಿಯಲಿಲ್ಲ.

ಅತ್ತೆ ತಮ್ಮ ಕಣ್ಣು ಚೆನ್ನಾಗಿದೆ ಎಂದು ತೋರಿಸಲು ಬೇಕೆಂದೇ ಆ ಕಡೆ ಮುಖ ತಿರುಗಿಸಿ ಒಂದು ಚೀಟಿ ಎತ್ತಿದರು. ದರ್ಜಿ ಬಿಡಿಸಿ ಓದಿದ. ಬೀಗದ ಅಂಗಡಿ.

ಬೀಗದವನ ಬಾಯಿಗೇ ಬೀಗ ಬಿದ್ದದ್ದನ್ನು ಸಾಲಿನವರು ಕಂಡದ್ದು ಅದೇ ಮೊದಲು. ಆಮೇಲೆ ಅವನು ಅಂಗಿಯ ತೋಳಿನಲ್ಲಿ ಮುಖ ಒರೆಸಿಕೊಂಡು ಹೊರಗೆ ನಡೆದ. ಅತ್ತಿಗೆಗೆ ನಗು ಬಂತು. ಇಷ್ಟೆಲ್ಲ ಮಾಡಿ ಮೂಲೆ ಅಂಗಡಿ ಹೋದದ್ದು ತನಗೆ ತಲೆನೋವು ತರಿಸುವವನಿಗೆ! ಆದರೂ ಮನಸ್ಸು ತಿಳಿಯಾಗಿತ್ತು.

ಉಳಿದವರು ಚೀಟಿ ಬಿಡಿಸಿ ನೋಡಿಕೊಳ್ಳುತ್ತಿದ್ದಾಗ ಅವಳು ಕಾರ್ಯದರ್ಶಿಯ ಹತ್ತಿರ ಹೋದಳು. "ಆ ಕವರ್ ನಂಗೆ ಕೊಡಿ. ಈ ಅಳತೆದು ನಂಗೊಂದು ಬೇಕಿತ್ತು."

"ಇದು... ಸಂಘದ್ದು."

"ಖಾಲಿ ಕವರಿಗೂ ಸಂಘವೇನಯ್ಯಾ? ಕೊಡು ಅತ್ಲಾಗಿ!" ಎಂದರು ಅತ್ತೆ. ಅವರು ದೊಡ್ಡ ದನಿಯಲ್ಲೇ ಮಾತಾಡುತ್ತಿದ್ದರು. ನಾಲ್ಕು ಜನ ತಿರುಗಿ ನೋಡಿದರು. ಅವನು ಕೊಟ್ಟ.

ಮನೆಗೆ ಬಂದು ಇನ್ನೊಂದು ಹೊಟ್ಟೆ ತೆರೆದಳು. ಅವಳೆಣಿಸಿದಂತೆಯೇ, ಚೀಟಿಗಳೆಲ್ಲದರಲ್ಲೂ ಭಾವಮೈದುನನ ಅಂಗಡಿಯ ಹೆಸರು. ಗಂಡ ಬಾಗಿಲಲ್ಲಿ ನಿಂತಿದ್ದ.

"ಗೆರೆ ನಂದೇ ಅಲ್ವಾ?" ಎಂದ.

ಅವಳು ಬೆಚ್ಚಿದಳು. "ನಿಮಗೂ ಕಂಡಿತ್ತಾ?"

"ನನ್ನ ಅಚ್ಚು ನಂಗೆ ಕಾಣದೆ ಇರುತ್ತಾ? ಏನು ನಡೀತಿದೆ ಅಂತ ಮಾತ್ರ ಗೊತ್ತಿರಲಿಲ್ಲ. ನೀನು ಎದ್ದು ನಿಂತಾಗ ಏನೋ ಇದೆ ಅಂದ್ಕೊಂಡೆ." ಲಕೋಟೆಯನ್ನು ತಿರುಗಿಸಿ ನೋಡಿ, "ಅವನನ್ನ ಅಲ್ಲೇ ಹಿಡಿದುಕೊಡಬೇಕಾಗಿತ್ತು," ಎಂದ.

"ಅವನೊಬ್ಬನನ್ನ ಹಿಡಿಯೋಕೆ ಎಷ್ಟು ಜನರ ಆಟ ಮುರೀಲಿ? ಮೂಲೆ ಅಂಗಡಿ ಉಳೀತಲ್ಲ. ಅವನ ಪಾಲಿಂದು ನಾನು ಬೇರೆ ಇಟ್ಟಿದ್ದೀನಿ."

ಮರುದಿನ ಅವಳು ಕನ್ನಡಿ ಅಂಗಡಿಗೆ ಹೋದಳು. ಸುತ್ತ ಗೋಡೆಯಲ್ಲೆಲ್ಲ ಕನ್ನಡಿಗಳು. ಎತ್ತ ತಿರುಗಿದರೂ ಅವನಿಗೆ ಅವಳ ಮುಖವೇ ಎದುರಾಗುತ್ತಿತ್ತು.

"ನಾನು ಯಾರಿಗೂ ಹೇಳಿಲ್ಲ. ನಿಮ್ಮ ಮರ್ಯಾದೆಗೆ ಅಂತ ಅಲ್ಲ, ಅದು ನಿಮ್ಮ ತಲೇಲಿರಲಿ," ಎಂದಳು. "ಜಾದೂದವರು ಜನಕ್ಕೆ ಮೊದಲೇ ಹೇಳಿ ಮೋಸ ಮಾಡ್ತಾರೆ, ಜನ ನಗ್ತಾ ಮನೆಗೆ ಹೋಗ್ತಾರೆ. ನೀವು ಹೇಳದೆ ಮಾಡೋಕೆ ಹೋದ್ರಿ. ಈ ಕಾರ್ಯದರ್ಶಿ ಕೆಲಸ ಬಿಟ್ಟುಬಿಡಿ. ಮುಂದಿನ ಸಭೆಯಲ್ಲಿ ನೀವೇ ಎದ್ದು ಬಿಡ್ತೀನಿ ಅಂತ ಹೇಳಿ."

"ಇಲ್ಲ ಅಂದ್ರೆ?"

"ಇಲ್ಲ ಅಂದ್ರೆ ಚೀಟಿಗಳು ನನ್ನ ಹತ್ರ ಇವೆ. ಕವರ್ ವಿಷಯ ಎತ್ತದೇನೂ ಚೀಟಿ ತೋರಿಸಬಹುದು."

ಮುಂದಿನ ಸಭೆಯಲ್ಲಿ ಕಾರ್ಯದರ್ಶಿ ಬೆನ್ನುನೋವೆಂದು ಹೇಳಿ ಹುದ್ದೆ ಬಿಟ್ಟ. ದರ್ಜಿ ಆ ಜಾಗಕ್ಕೆ ಬಂದ. ಅದೇ ಸಂಜೆ ಅತ್ತಿಗೆ ಆ ಚೀಟಿಗಳನ್ನೆಲ್ಲ ಗಂಜಿ ಕಾಯಿಸುವ ಒಲೆಗೆ ಹಾಕಿದಳು.

ಲಕೋಟೆಯನ್ನು ಜಾದೂ ಮೇಷ್ಟ್ರಿಗೆ ತಲುಪಿಸಬೇಕಿತ್ತು. ಮೇಷ್ಟ್ರು ಕಿಟಕಿಯ ಬಳಿ ಕೂತಿದ್ದರು. ಎರಡು ಕೈಗಳನ್ನೂ ಮೊಣಕಾಲ ನಡುವೆ ಒತ್ತಿ ಹಿಡಿದಿದ್ದರು, ನಡುಗುವುದು ಕಾಣದಿರಲೆಂದು. ನಡೆದದ್ದೆಲ್ಲ ಕೇಳಿ ತಲೆ ಬಗ್ಗಿಸಿದರು. ಕಾರ್ಯದರ್ಶಿ ಮಗನ ಹುಟ್ಟುಹಬ್ಬವೆಂದು ಹೇಳಿ ಮೇಷ್ಟ್ರ ತಮ್ಮನ ಮಗನಿಂದ ಅದನ್ನು ಕೇಳಿ ಪಡೆದಿದ್ದನಂತೆ. "ಅವನಿಗೆ ಪೆಟ್ಟಿಗೆ ಕೊಟ್ಟೆ, ನಿಮ್ಮ ನೇಮ ಕೊಡಲಿಲ್ಲ," ಎಂದರು. "ನೀವು ಹೇಳಿಬಿಡಬಹುದಾಗಿತ್ತಮ್ಮಾ. ಅಷ್ಟು ಜನರಿಗೆ ಅನ್ಯಾಯ ಆಗೋವಾಗ ನಾನು ಬೇಡ ಅಂತಿರಲಿಲ್ಲ."

"ಬೇರೆ ದಾರಿ ಸಿಗದೆ ಇದ್ದಿದ್ರೆ ಹೇಳ್ತಿದ್ದೆ ಮೇಷ್ಟ್ರೇ. ಸಿಕ್ತು."

ಮೇಷ್ಟ್ರು ಲಕೋಟೆಯನ್ನು ಕೈಗೆ ತೆಗೆದುಕೊಂಡರು. ನಡುಗುವ ಬೆರಳಿಗೆ ನಡುಗೋಡೆ ನಿಲ್ಲಲಿಲ್ಲ, ಪಟಪಟ ಹೊಡೆದುಕೊಂಡಿತು. ಅವರು ಅದನ್ನು ಬೇಗನೆ ಕೆಳಗಿಟ್ಟರು. ಅವರ ಹೆಂಡತಿ ಚಹಾ ತಂದವರು ಅದನ್ನು ಕಂಡೂ ಕಾಣದವರ ಹಾಗೆ ಒಳಗೆ ಹೋದರು.

ಅತ್ತಿಗೆ ಆ ಕೈಗಳನ್ನೇ ನೋಡುತ್ತಾ ಕೂತಳು. ಇಷ್ಟು ವರ್ಷ ಅವಳು ಮಾಡಿದ ಲಕೋಟೆಗಳೆಲ್ಲ ಗಟ್ಟಿಯಾಗಿ ನಿಲ್ಲುವ ಹೆಬ್ಬೆರಳಿಗಾಗಿ. ನಿಲ್ಲದ ಕೈಗೆ ಒಂದು ಯಾಕಾಗಬಾರದು? ಮನೆಗೆ ಬಂದವಳೇ ಕಾಗದ ಹಿಡಿದಳು. ಹೊಸ ಕೋಣೆಗೆ ಸಾಮಾನು ಸಾಗಿಸುವ ಗಲಾಟೆಯ ನಡುವೆಯೇ ಕತ್ತರಿಸಿದಳು, ಮಡಿಚಿದಳು, ಹರಿದು ಬಿಸಾಡಿದಳು. "ಸೊಸೆಗೆ ಕಾಗದದ ಹುಚ್ಚು ಹಿಡೀತು," ಎಂದರು ಅತ್ತೆ. ಕಡೆಗೆ ಸಿಕ್ಕಿದ ಉಪಾಯ ಸುಲಭವಾಗಿತ್ತು. ನಡುಗೋಡೆಯನ್ನು ಬುಡದಲ್ಲಿ ಮಾತ್ರ ಅಂಟಿಸಿ, ಮೇಲಂಚಿಗೆ ತೆಳ್ಳನೆಯ ರಟ್ಟಿನ ಪಟ್ಟಿ ಸೇರಿಸಿ ಭಾರ ಮಾಡಿದಳು. ಲಕೋಟೆಯನ್ನು ಯಾವ ಕಡೆ ವಾಲಿಸಿದರೂ ಗೋಡೆ ತಾನಾಗಿ ಆ ಕಡೆ ಬಿದ್ದು ಒರಗುತ್ತಿತ್ತು. ಹೆಬ್ಬೆರಳಿಗೆ ಕೆಲಸವೇ ಇಲ್ಲ. ಕೈ ನಡುಗಿದಷ್ಟೂ ಗೋಡೆ ಇನ್ನೂ ಚೆನ್ನಾಗಿ ಕೂರುತ್ತಿತ್ತು.

ಮೇಷ್ಟ್ರ ಮನೆಗೆ ಹತ್ತಿರದ ವಾಚನಾಲಯದಲ್ಲಿ ಮಧ್ಯಾಹ್ನ ವಯಸ್ಸಾದವರು ಸೇರುತ್ತಿದ್ದರು. ಒಂದು ದಿನ ಪತ್ರಿಕೆಗಳನ್ನು ಬದಿಗೆ ಸರಿಸಿ ಮೇಷ್ಟ್ರು ಮೇಜಿನ ಹಿಂದೆ ನಿಂತರು. ಅತ್ತಿಗೆ ಬಾಗಿಲ ಬಳಿ ಗೋಡೆಗೆ ಒರಗಿದ್ದಳು. ಮೇಷ್ಟ್ರು ಹೆಂಡತಿಯನ್ನು ಕರೆದು ಅಂಗಳದಿಂದ ಒಂದು ಒಣಗಿದ ಎಲೆ ತರಲು ಹೇಳಿದರು. ಆಕೆ ತಂದು ಲಕೋಟೆಗೆ ಹಾಕಿದರು.

"ಮೇಷ್ಟ್ರೇ, ಕೈ ನಡುಗ್ತಾ ಇದೆಯಲ್ಲ!" ಎಂದರು ಮುಂದೆ ಕೂತ ನಿವೃತ್ತ ಪೋಸ್ಟ್‌ಮ್ಯಾನ್.

"ನಡುಗದೆ ಏನು? ಒಳಗೆ ಏನಾಗ್ತಿದೆ ಅಂತ ನಂಗೂ ಗೊತ್ತಿಲ್ಲ ಕಣಯ್ಯಾ. ಹೆದರಿಕೆ!" ಎಂದರು ಮೇಷ್ಟ್ರು. ಕೋಣೆ ನಗೆಯಿಂದ ತುಂಬಿತು. ಅವರು ಕೈಯನ್ನು ಅಡಗಿಸಲಿಲ್ಲ, ಇನ್ನಷ್ಟು ನಡುಗಿಸಿದರು. ಲಕೋಟೆ ಅವರ ಬೆರಳಲ್ಲಿ ಜೀವವಿರುವ ಹಕ್ಕಿಯಂತೆ ಅಲುಗಿತು, ಒಮ್ಮೆ ವಾಲಿತು. ಬಾಯಿ ತೆರೆದು ಹೆಂಡತಿಯ ಮುಂದೆ ಹಿಡಿದರು.

ಆಕೆ ಕೈಹಾಕಿ ತೆಗೆದದ್ದು ಹಸಿರು ಎಲೆ. ಅದರ ತೊಟ್ಟಿನಲ್ಲಿ ಇನ್ನೂ ಹಾಲು ಜಿನುಗುತ್ತಿತ್ತು. ಗಂಡನ ಆಟಗಳನ್ನೆಲ್ಲ ಪೆಟ್ಟಿಗೆ ಕಟ್ಟಿ ಬಿಚ್ಚಿ ಬಲ್ಲ ಆ ಹೆಂಗಸು ಎಲೆಯನ್ನೊಮ್ಮೆ, ಗಂಡನ ಮುಖವನ್ನೊಮ್ಮೆ ನೋಡಿದರು. "ಇದು ಯಾವಾಗ ಕಲಿತಿರಿ?" ಎಂದು ಕೇಳಿದರು. ಮೇಷ್ಟ್ರು ಬಾಗಿ ನಮಸ್ಕರಿಸಿದರು. ಪೋಸ್ಟ್‌ಮ್ಯಾನ್ ಇನ್ನೊಂದು ಮಾಡಿ ಎಂದು ಮೇಜು ಬಡಿದರು.

ಮೇಷ್ಟ್ರು ಅಂದು ಇನ್ನೂ ಮೂರು ನಾಲ್ಕು ಆಟ ಮಾಡಿದರು. ಮುಂದೆ ವಾರಕ್ಕೊಮ್ಮೆ ಅದು ರೂಢಿಯೇ ಆಯಿತು. ಅತ್ತಿಗೆ ಮಾತ್ರ ಎರಡನೆಯ ಆಟ ಮುಗಿಯುವ ಮೊದಲೇ ಚಪ್ಪಲಿ ಮೆಟ್ಟಿಕೊಂಡು ಹೊರಟಳು. ಒಂದು ಮದುವೆಯ ಲಕೋಟೆಗಳು ಮರುದಿನಕ್ಕೆ ಬೇಕಿದ್ದವು, ಅಂಟು ಆಗಲೇ ಗಟ್ಟಿಯಾಗುತ್ತಿತ್ತು.